ಗೀಜಗ ನೇಯ್ದ ಹನ್ನೊಂದು ಕೋಣೆ

ದುಡಿಯುತ್ತಲೇ ಓದುವ ಸ್ನಾತಕೋತ್ತರ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಸಿಗಲೆಂದು ವಿಶ್ವವಿದ್ಯಾಲಯವು ಜಾಲತಾಣ ಕಟ್ಟುವ ಹೊಣೆಯನ್ನು ಗೀಜಗನಿಗೆ ಒಪ್ಪಿಸಿತು. ಹಳ್ಳಿಯ ಬಾವಿಯಂಚಿನಲ್ಲಿ ಬೆಳೆದ ಗೀಜಗನಿಗೆ ನೇಯ್ಗೆಯನ್ನು ಯಾರೂ ಕಲಿಸಬೇಕಿರಲಿಲ್ಲ. ವಿಭಾಗಕ್ಕೊಂದರಂತೆ ಹನ್ನೊಂದು ಕೋಣೆ ನೇಯ್ದು, ಅವರವರ ಕೋಣೆಯ ಬಾಗಿಲು ಮಾತ್ರ ಅವರಿಗೆ ತೆರೆಯುವಂತೆ ಮಾಡಿತು.

ವರ್ಷ ಕಳೆದ ಮೇಲೆ ಇರುವೆ ಬಂದು, "ನನ್ನ ಹೆಸರು ತೆಗೆದುಬಿಡಣ್ಣ, ಓದು ಬಿಡ್ತಿದ್ದೀನಿ" ಎಂದಿತು.

"ಹನ್ನೊಂದು ಕೋಣೆಯಲ್ಲಿ ಒಂದು ದಿನವೂ ಜಗಳವಿಲ್ಲ. ಪೇಟೆಯ ಯಾವ ಹಕ್ಕಿ ಹೀಗೆ ಕಟ್ಟೀತು? ನಿನಗೇನು ಕೊರತೆ?"

"ನನ್ನದು ಕೆರೆಮಣ್ಣಿನ ಅಧ್ಯಯನ. ಕೆರೆಯ ಹಳೇ ಕಡತ ಓದಿ ಹೇಳುವವರು ಬೇಕಿತ್ತು. ಗೋದಾಮಿನಲ್ಲಿ ದುಡಿಯುವ ನನಗೆ ಊರೆಲ್ಲ ಹುಡುಕಲು ಬಿಡುವೆಲ್ಲಿ? ನಿನ್ನ ಕೋಣೆಯಲ್ಲೇ ವರ್ಷವಿಡೀ ಕೇಳಿದೆ. ಅಲ್ಲಿರುವವರೆಲ್ಲ ಮಣ್ಣಿನವರೇ."

ತನ್ನ ಹೆಸರನ್ನೂ ತೆಗೆಸಲೆಂದೇ ಹಿಂದೆ ನಿಂತಿದ್ದ ಗೆದ್ದಲು ತಲೆಯೆತ್ತಿತು. "ಆ ಕಡತ ನನಗೆ ಬಾಯಿಪಾಠ. ಆ ಮಣ್ಣು ಬಲ್ಲವರಿಗಾಗಿ ನಾನೂ ವರ್ಷವಿಡೀ ಕೇಳಿದೆ, ಚರಿತ್ರೆಯ ಕೋಣೆಯಲ್ಲಿ."

ಇರುವೆಯ ಪ್ರಬಂಧದ ಗಡುವು ಹಿಂದಿನ ದಿನವೇ ಮುಗಿದಿತ್ತು.

ನೇಯ್ದದ್ದನ್ನು ಎಂದೂ ಬಿಚ್ಚದ ಗೀಜಗ, ಆ ಎರಡು ಕೋಣೆಗಳ ನಡುವಿನ ಗೋಡೆಯ ಮೊದಲ ಎಳೆಯನ್ನು ಕೊಕ್ಕಿನಲ್ಲಿ ಹಿಡಿದು ಎಳೆಯಿತು.

"ಇನ್ನು ಜಗಳವಾದೀತು" ಎಂದಿತು ಗೆದ್ದಲು.

"ಆಗಲಿ" ಎಂದಿತು ಗೀಜಗ.