ಜವರಮ್ಮ ಕೇಳಿದ ನೀರು

ಸ್ಟುಡಿಯೊದ ಕಂಪ್ಯೂಟರಿಗೆ ತನ್ನ ಚುರುಕಿನ ಬಗ್ಗೆ ಬಲು ಹೆಮ್ಮೆ. ಸೋಬಾನೆ ಹಾಡುವ ಜವರಮ್ಮನ ಮೇಲೆ ಚಿತ್ರ ಮಾಡುವಾಗ ಅದರ ಹೊಟ್ಟೆ ತುಂಬಿ, ಹಾಡು ನಡುನಡುವೆ ತಡವರಿಸತೊಡಗಿತು. ಆಗ ಒಂದು ಹಾರ್ಡ್ ಡಿಸ್ಕ್ ತಂದು ಕೇಬಲ್ಲಿನಿಂದ ಜೋಡಿಸಿದರು.

"ಹಾಡನ್ನಷ್ಟೇ ಇಟ್ಟುಕೊ," ಎಂದಿತು ಕಂಪ್ಯೂಟರು. "ನಡುವಿನ ಕೆಮ್ಮು, ಮಾತು ಎಲ್ಲ ಕಸ."

"ಒಪ್ಪಿಸಿದ್ದನ್ನು ಕಾಯುವುದು ನನ್ನ ಕೆಲಸ, ಸ್ವಾಮಿ. ಆರಿಸುವ ಅಧಿಕಾರ ನನಗಿಲ್ಲ," ಎಂದು ಡಿಸ್ಕು ಎಲ್ಲವನ್ನೂ ಇಟ್ಟುಕೊಂಡಿತು.

"ಗೋಣಿಚೀಲದ ಬುದ್ಧಿ ನಿನ್ನದು," ಎಂದು ನಕ್ಕ ಕಂಪ್ಯೂಟರು ತನ್ನ ಬಳಿಯಿದ್ದ ಕೆಮ್ಮು, ಮಾತುಗಳನ್ನೆಲ್ಲ ಅಳಿಸಿಹಾಕಿತು. ಚಿತ್ರವನ್ನು ಊರೆಲ್ಲ ಹೊಗಳಿತು.

ಮರುವರ್ಷ ಜವರಮ್ಮ ತೀರಿಕೊಂಡಳು. ಮಗಳು ಚಿಕ್ಕತಾಯಿ ಸ್ಟುಡಿಯೊಗೆ ಬಂದು ಚಿತ್ರ ಮಾಡಿದವರನ್ನು ಕೇಳಿದಳು.

"ಹಾಡು ನಮ್ಮೂರಲ್ಲಿ ಎಲ್ರಿಗೂ ಬರುತ್ತೆ ಸಾರ್. ಹಾಡ್ತಾ ಹಾಡ್ತಾ ಅವ್ವ ನನ್ನ ಕೂಗಿದ್ಲಲ್ಲ, ಅದು ಇದೆಯಾ?"

ಕಂಪ್ಯೂಟರು ತನ್ನೊಳಗೆಲ್ಲ ತಡಕಾಡಿತು; ಅಳಿಸಿದ್ದು ಎಲ್ಲೂ ಸಿಗಲಿಲ್ಲ. ಎತ್ತಿಟ್ಟಿದ್ದ ಡಿಸ್ಕನ್ನು ತಂದು ಜೋಡಿಸಿದರು. ಕೆಮ್ಮಿನ ಬೆನ್ನಿಗೇ ದನಿ ಬಂತು: "ಚಿಕ್ಕತಾಯೀ, ಗಂಟಲು ಒಣಗ್ತದೆ, ಒಂಚೂರು ನೀರ್ ಕೊಡವ್ವ."

ಕೂತಿದ್ದ ಮಗಳು ಎದ್ದಳು. ಅವಳ ಕೈ ಚೊಂಬು ಹುಡುಕಿತು.

ಆವತ್ತಿನಿಂದ ಡಿಸ್ಕಿನ ಕೇಬಲ್ ತಗುಲಿದೊಡನೆ ಕಂಪ್ಯೂಟರೇ ಮೊದಲು ಮಾತಾಡುತ್ತದೆ: "ಬನ್ನಿ ಯಜಮಾನರೇ. ಇದ್ದದ್ದನ್ನು ಇದ್ದ ಹಾಗೇ ಇಟ್ಟುಕೊಳ್ಳಿ."