ಕೊಂಬಿನ ತೋಳ

ಯಾವ ಕಾಲವೋ ಏನೋ, ಎಲ್ಲೋ ಒಂದು ಊರಿತ್ತಂತೆ. ಊರಿಗೊಬ್ಬ ದೊರೆ. ಊರಾಚೆ ಒಂದು ಬಿದಿರುಮೆಳೆ. ಮೆಳೆಯ ಅಂಚಿಗೆ ಬುಟ್ಟಿ ಹೆಣೆಯುವವರ ಕೇರಿ. ಊರಿನವರು ಅವರ ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಳ್ಳುತ್ತಿದ್ದರು, ಅವರ ಮೊರದಲ್ಲಿ ಜೋಳ ಕೇರುತ್ತಿದ್ದರು, ಅವರನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸುತ್ತಿದ್ದರಂತೆ. ಎಲ್ಲ ಊರುಗಳ ಹಾಗೆಯೇ, ವಿಶೇಷವೇನಿಲ್ಲ.

ದೊರೆಗೆ ಮೆಳೆ ಕಡಿಸಿ ಅಲ್ಲೊಂದು ಹೂದೋಟ ಮಾಡಿಸುವ ಆಸೆಯಾಯಿತು. ಆದರೆ ತಪ್ಪಿಲ್ಲದವರನ್ನು ನೆಲ ಬಿಡಿಸಲು ನ್ಯಾಯದ ಕಟ್ಟೆಯ ಹಿರಿಯರು ಒಪ್ಪುವ ಹಾಗಿರಲಿಲ್ಲ. ಬುಟ್ಟಿಯವರದು ತಪ್ಪೇನೂ ಇರಲಿಲ್ಲ. ಹಾಗಾಗಿ ದೊರೆ ಡಂಗುರದ ಭರಮಣ್ಣನನ್ನು ಕರೆಸಿದನಂತೆ.

ಮರುದಿನ ಭರಮಣ್ಣ ಬೀದಿಬೀದಿಯಲ್ಲಿ ಡಂಗುರ ಹೊಡೆದ. "ಕೇಳ್ರಪ್ಪೋ ಕೇಳ್ರಿ. ಮೆಳೇಲಿ ಒಂದು ತೋಳ ಸೇರ್ಕೊಂಡದೆ. ಬುಟ್ಟಿಯವರು ಅದನ್ನ ಸಾಕ್ತಾವ್ರೆ."

ಊರಿನವರು ಆಕಳಿಸಿದರು. ಆ ಊರಲ್ಲಿ ಯಾರೂ ತೋಳ ನೋಡಿರಲಿಲ್ಲ.

ಮಾರನೆ ದಿನ ತೋಳ ಹೋರಿಯಷ್ಟು ದೊಡ್ಡದಾಯಿತು. ಅದರ ಮಾರನೆ ದಿನ ಅದರ ಕಣ್ಣಲ್ಲಿ ಕೆಂಡ ಬಂತು. ಅದರ ಮಾರನೆ ದಿನ ಕೊಂಬು ಬಂತು. ಕೊಂಬು ಬಂದ ಮೇಲೆ ಊರು ನಂಬಿತಂತೆ.

ತೋಳ ಇದ್ದ ಮೇಲೆ ಕಾವಲು ಬೇಕಲ್ಲ. ಕೆಲಸವಿಲ್ಲದ ಗಂಡಸರು ದೊಣ್ಣೆ ಹಿಡಿದು ಕಾವಲುಪಡೆ ಕಟ್ಟಿದರು. ಕಾಯುವವರು ಹಸಿದಿರಬಾರದಲ್ಲ, ಅವರಿಗೆ ಸರದಿಯ ಮೇಲೆ ಮನೆಗೊಂದು ಕುರಿ. ಕೊಟ್ಟವರು ಕೊಟ್ಟದ್ದನ್ನು ಮರೆತರು, ದೊಡ್ಡಿ ಬರಿದಾದದ್ದು ಮಾತ್ರ ಕಣ್ಣಿಗೆ ಬಿತ್ತು. "ನೋಡ್ರಿ, ಕುರಿ ಕಮ್ಮಿ ಆಗ್ತಾವೆ," ಅಂದ ಭರಮಣ್ಣ. ಹೌದು, ಕಮ್ಮಿಯಾಗುತ್ತಿದ್ದವು. ಕಾವಲು ಹೆಚ್ಚಿಸಿದರು. ಕುರಿ ಇನ್ನೂ ಕಮ್ಮಿಯಾದವಂತೆ.

ಒಂದು ದಿನ ಕಾವಲಿನವರು ಸಂತೆಗೆ ಬಂದ ಯಲ್ಲಪ್ಪನೆಂಬ ಬುಟ್ಟಿಯವನನ್ನು ಹಿಡಿದು, ತೋಳವೆಲ್ಲಿ ಎಂದು ಕೇಳಿ, ಗೊತ್ತಿಲ್ಲ ಅಂದದ್ದಕ್ಕೆ ಬಲಗೈ ಮುರಿದರು. ಊರು ನಿಂತು ನೋಡಿತು. ಪಾಪ ಅಂದವರೂ ಇದ್ದರು, ಮನೆಗೆ ಹೋದ ಮೇಲೆ.

ಆಮೇಲೆ ಕಟ್ಟೆಯಿಂದ ಕರೆ ಬಂತು: ಬುಟ್ಟಿಯವರ ಮೇಲೆ ಭರಮಣ್ಣ ಕೊಟ್ಟ ದೂರಿಗೆ ನಾಳೆ ತೀರ್ಮಾನ. ಆ ಊರಿನ ಪದ್ಧತಿ ಹೀಗಿತ್ತಂತೆ. ದೂರುವವನು ಎಲ್ಲರೆದುರು ಆರೋಪಿಯ ತಲೆಯ ಮೇಲೆ ಕೈಯಿಟ್ಟು "ಇವನೇ" ಅನ್ನಬೇಕು. ಕೈಯಿಡದ ದೂರಿಗೆ ಬೆಲೆಯಿಲ್ಲ.

ಯಲ್ಲಪ್ಪನ ಹೆಂಡತಿ ಹುಲಿಗೆವ್ವ ಆ ಸಂಜೆ ಬಿದಿರು ಕಡಿಯಲು ಮೆಳೆಗೆ ಹೋದಳು. ತಮಾಷೆ ಏನೆಂದರೆ, ಮೆಳೆಯಲ್ಲಿ ನಿಜವಾಗಿಯೂ ಒಂದು ತೋಳ ಇತ್ತಂತೆ. ಮುದಿ ತೋಳ. ಹಲ್ಲು ಉದುರಿ, ಮಿಡತೆ ಹಿಡಿದು ತಿಂದುಕೊಂಡಿತ್ತು.

"ಏನವ್ವಾ, ನಾನು ಎಷ್ಟು ಕುರಿ ತಿಂದೆನಂತೆ?" ಎಂದು ಕೇಳಿತು.

"ಅರ್ಧ ಊರಿಂದು."

"ರುಚಿ ಹೆಂಗಿತ್ತಂತೆ?"

ಹುಲಿಗೆವ್ವ ನಗಲಿಲ್ಲ. "ನಾಳೆ ನಮ್ಮನ್ನ ಓಡಿಸ್ತಾರೆ. ಮೆಳೆ ಹೋದ್ರೆ ನಿನಗೂ ನೆರಳಿಲ್ಲ. ನನ್ನ ಜೊತೆ ಕಟ್ಟೆಗೆ ಬಾ."

"ಅಲ್ಲೇ ಬಡಿದು ಹಾಕ್ತಾರಲ್ಲೇ."

"ಯಾರು? ಅವರು ಹುಡುಕ್ತಿರೋದು ಕೊಂಬಿರೋದನ್ನ. ನಡು ಬೀದೀಲಿ ಬಾ, ನಿನ್ನ ಕಡೆ ಯಾರೂ ತಿರುಗಿ ನೋಡಲ್ಲ."

ಹಾಗೆಯೇ ಆಯಿತು. ಮರುದಿನ ತೋಳ ನಡು ಬೀದಿಯಲ್ಲಿ ನಡೆದು ಬಂತು. ಯಾರೋ "ಹಚಾ" ಅಂದರು. ಕಾವಲಿನವನೊಬ್ಬ ತಾನು ಚೀಪಿದ ಎಲುಬನ್ನು ಅದರ ಮುಂದೆ ಎಸೆದ. ತೋಳ ಹೋಗಿ ಕಟ್ಟೆಯ ಬುಡದಲ್ಲಿ, ಭರಮಣ್ಣನ ಕಾಲ ಬಳಿ ಮಲಗಿತಂತೆ.

ದೊರೆ ಬಂದು ಕೂತ. ಕೇರಿಯ ಪರವಾಗಿ ಮುಂದೆ ಬಂದು ನಿಂತ ಹುಲಿಗೆವ್ವನ ತಲೆಯ ಮೇಲೆ ಭರಮಣ್ಣ ಕೈಯಿಡಲು ಹೋದ.

"ತಡೀರಿ ಭರಮಣ್ಣ," ಅಂದಳು ಅವಳು. "ಕುರಿ ತಿಂದಿದ್ದು ತೋಳ, ಅದಕ್ಕೆ ಜಾಗ ಕೊಟ್ಟೋರು ನಾವು. ಹೌದಲ್ಲ? ಮೊದಲು ತಿಂದವನ ತಲೆ ಮೇಲೆ ಕೈಯಿಡಿ. ಆಮೇಲೆ ನನ್ನ ತಲೆ ಎಲ್ಲಿಗೂ ಓಡಲ್ಲ."

ಹಿರಿಯ ಮುದ್ದಪ್ಪಜ್ಜ ಗಡ್ಡ ಕೆರೆದುಕೊಂಡ. "ಪದ್ಧತಿ ಪದ್ಧತಿನೇ. ಅವಳು ಹೇಳೋದು ಸರಿ."

"ತೋಳ ಎಲ್ಲಿಂದ ತರ್ಲಿ ಯಜಮಾನ್ರೇ?" ಅಂದ ಭರಮಣ್ಣ. ಸಿಟ್ಟಿನಲ್ಲಿ ಕಾಲು ಹಿಂದಿಟ್ಟಾಗ ತೋಳ ತಾಗಿತು. ಬಗ್ಗಿ ಅದರ ತಲೆ ಹಿಡಿದು ಪಕ್ಕಕ್ಕೆ ನೂಕಿದ. "ಅತ್ತ ಸರಿ, ದರಿದ್ರ ನಾಯಿ."

"ಕೈಯಿಟ್ರಲ್ಲ," ಅಂದಳು ಹುಲಿಗೆವ್ವ. "ಇನ್ನು 'ಇವನೇ' ಅನ್ನಿ."

"ಯಾವನೇ?"

"ನಾನೇ," ಅಂದಿತು ತೋಳ.

ಜನ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಹಿಂದಿನಿಂದ ಒಬ್ಬ, "ಕೊಂಬೆಲ್ಲಿ?" ಅಂದ. ಇನ್ನೊಬ್ಬ, "ಮೆಳೇಲಿ ಬಿಚ್ಚಿಟ್ಟು ಬಂದದೆ," ಅಂದ. ಅವನ ಮಾತಿಗೆ ಒಂದಿಷ್ಟು ಜನ ತಲೆಯಾಡಿಸಿದರಂತೆ. ಕಾವಲಿನವರು ದೊಣ್ಣೆ ಎತ್ತಿಕೊಂಡರು.

"ದೊಣ್ಣೆ ಕೆಳಗಿಡ್ರಿ," ಅಂದ ಮುದ್ದಪ್ಪಜ್ಜ. "ಭರಮಣ್ಣ, ನೀನು ಹೇಳು. ಇದೇನೋ ಅದು?"

ಭರಮಣ್ಣ ತೋಳವನ್ನು ನೋಡಿದ. ಅದು ಬಾಯಿ ತೆರೆದು ಬೋಳು ವಸಡು ತೋರಿಸಿತು. ಇದೇ ಅಂದರೆ, ಇಂಥ ಮುದಿಗಾಗಿ ನಾವು ಇಷ್ಟು ಕುರಿ ಕೊಟ್ಟೆವೇ ಎಂದು ಊರು ಕೇಳುತ್ತದೆ. ಇದಲ್ಲ ಅಂದರೆ, ಕೈಯಿಡಲು ಬೇರೆ ತೋಳವಿಲ್ಲ. ಅವನು ದೊರೆಯ ಮುಖ ನೋಡಿದ. ದೊರೆ ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದ. ಇಂಥ ಹೊತ್ತಿನಲ್ಲಿ ದೊರೆಗಳಿಗೆ ಬೇರೆ ಕೆಲಸ ನೆನಪಾಗುತ್ತದೆ.

"ಇದಲ್ಲ," ಅಂದ ಭರಮಣ್ಣ.

"ಹಂಗಾದ್ರೆ ದೂರಿಲ್ಲ," ಅಂದ ಮುದ್ದಪ್ಪಜ್ಜ. "ಕೇರಿ ಅಲ್ಲೇ ಇರ್ತದೆ. ಕಾವಲು ಸಾಕು. ಕುರಿ ಮೇಯ್ಸೋಕೆ ಹೋಗ್ರಿ, ಉಳಿದಿದ್ರೆ."

ಬುಟ್ಟಿಯವರ ಹತ್ತಿರ ತಪ್ಪಾಯಿತು ಅಂದವರು ಯಾರೂ ಇಲ್ಲ. ಮುಂದಿನ ಸಂತೆಯಲ್ಲಿ ಊರಿನವರು ಎಂದಿನಂತೆ ಬಂದು ಮೊರದ ಬೆಲೆಗೆ ಚೌಕಾಸಿ ಮಾಡಿದರು. ಹುಲಿಗೆವ್ವ ಒಂದು ಕಾಸೂ ಇಳಿಸಲಿಲ್ಲವಂತೆ. ಅವರು ಗೊಣಗಿಕೊಂಡು ಕೊಟ್ಟರು.

ಅವರು ಅಲ್ಲಿ ಬಿದಿರು ಸೀಳುತ್ತಾ ಇದ್ದಾರೆ, ನಾವು ಇಲ್ಲಿ ಕತೆ ಕೇಳುತ್ತಾ ಕೂತಿದ್ದೇವೆ. ನಾನೂ ಇದನ್ನು ಕೇಳಿ ಹೇಳಿದ್ದೇ, ಕಂಡದ್ದಲ್ಲ. ನಂಬುವ ಮೊದಲು ಒಮ್ಮೆ ಮೆಳೆಗೆ ಹೋಗಿ ನೋಡಿ ಬನ್ನಿ.