ತೊಗಲಿನ ಮೇಲೆ ನಡೆದ ಬೆಕ್ಕು

ಇದು ಖರೆ ನಡೆದದ್ದು. ನಾನು ಅಲ್ಲೇ ಇದ್ದೆ, ಇಲ್ಲವಾದರೆ ಪಕ್ಕದೂರಲ್ಲಿದ್ದೆ. ಚಪ್ಪಲಿ ಹೊಲಿಯುವ ಹುಲಿಗೆವ್ವನ ಬೆಕ್ಕು ತುಪ್ಪದ ಗಡಿಗೆಗೆ ಕಾಲದ್ದಿ ನೆಕ್ಕಿ, ಅಂಗಳದಲ್ಲಿ ಹಾಸಿದ್ದ ಆಡಿನ ತೊಗಲನ್ನು ತುಳಿದು ದಾಟಿತು. ಮರದ ತೊಗಟೆಯ ನೀರಲ್ಲಿ ಹದವಾದ ಹೊಸ ತೊಗಲು, ಹೆಜ್ಜೆ ಕಾಣಲಿಲ್ಲ.

"ಯಾರಿಗೂ ಹೇಳಬೇಡವೋ, ಸತ್ತವನೇ," ಎಂದಿತು ಬೆಕ್ಕು.

"ಸತ್ತ ಮೇಲೆ ನನಗೆ ಬಾಯೆಲ್ಲಿದೆ, ತಾಯಿ?" ಎಂದಿತು ತೊಗಲು.

ತುಪ್ಪ ಕಡಿಮೆಯಾದದ್ದು ಕಂಡ ಹುಲಿಗೆವ್ವ ಮನೆಯ ನಾಯಿಯೇ ಕಳ್ಳನೆಂದು ಬಗೆದು, ದೂರದ ಸಂತೆಯಲ್ಲಿ ಬಿಟ್ಟುಬರಲು ಅದರ ಕೊರಳಿಗೆ ಹಗ್ಗ ಕಟ್ಟಿದಳು. "ಹೊರಡುವ ಮುಂಚೆ ಈ ತೊಗಲಿಗೊಂದು ಕೈ ಕರಿ ಬಣ್ಣ ಹಚ್ಚಿಬಿಡ್ತೀನಿ," ಎಂದು ಅದರ ಮುಂದೆ ಕೂತಳು. ಬಣ್ಣದ ಅರಿವೆ ಸರಿದಲ್ಲೆಲ್ಲ ತೊಗಲು ಕಪ್ಪಾಯಿತು. ತುಪ್ಪದ ಜಿಡ್ಡು ತಾಗಿದಲ್ಲಿ ಮಾತ್ರ ಬಣ್ಣ ಹಿಡಿಯಲಿಲ್ಲ. ಬಿಳಿಚಿದ ಹೆಜ್ಜೆಯೊಂದು ಎದ್ದಿತು. ಅದರ ಮುಂದೆ ಇನ್ನೊಂದು. ಯಾರೂ ಇಲ್ಲದ ತೊಗಲಿನ ಮೇಲೆ ಯಾರೋ ನಡೆದು ಬರುತ್ತಿದ್ದರು.

ಆಚೆ ತುದಿಯಲ್ಲಿ ಕೂತಿದ್ದ ಬೆಕ್ಕು ಪಿಸುಗುಟ್ಟಿತು: "ಬಾಯಿಲ್ಲ ಅಂದಿದ್ದೆಯಲ್ಲೋ!"

"ಈಗಲೂ ಇಲ್ಲ, ತಾಯಿ. ನಾನು ಸುಮ್ಮನೆ ಮಲಗಿದ್ದೇನೆ. ನಡೆಯುತ್ತಿರುವವಳು ನೀನೇ."

ಕೊನೆಯ ಹೆಜ್ಜೆ ಬೆಕ್ಕಿನ ಮುಂಗಾಲಿನ ಬುಡಕ್ಕೇ ಬಂದು ನಿಂತಿತು. ಹುಲಿಗೆವ್ವ ಎದ್ದು, ನಾಯಿಯ ಕೊರಳಿನ ಹಗ್ಗ ಬಿಚ್ಚಿ, ಅದನ್ನು ಕೈಯಲ್ಲಿ ಹಿಡಿದೇ ಬೆಕ್ಕಿನ ಕಡೆ ತಿರುಗಿದಳು.